ಸ್ಟ್ರೆಂತ್ ಮತ್ತು ಡೆತ್ ಕಾರ್ಡುಗಳು ಜೋಡಿಯಾಗಿ ಬಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾರ್ಡಿನಲ್ಲಿ ಸಿಂಹದ ಬಾಯಿಗೆ ಕೈಯಿಟ್ಟು ನಿಂತ ಹೆಣ್ಣು. ಇನ್ನೊಂದರಲ್ಲಿ ಬಿಳಿ ಕುದುರೆ ಏರಿ ಬರುವ ಅಸ್ಥಿಪಂಜರ. ಕಣಿ ಕೇಳಲು ಬಳಸುವ ಚಿತ್ರಕಾರ್ಡುಗಳಾದ ಟ್ಯಾರೋ ಕಟ್ಟಿನ ಈ ಎರಡು ಕಾರ್ಡುಗಳು ಅಕ್ಕಪಕ್ಕ ಬಿದ್ದರೆ ಕೇಳುವವರು ಮೊದಲು ಬೆಚ್ಚುತ್ತಾರೆ, ಆಮೇಲೆ ಪ್ರಶ್ನೆಗಳ ಸುರಿಮಳೆ ಶುರುವಾಗುತ್ತದೆ. ಕೆಳಗಿನ ಉತ್ತರಗಳು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ರೈಡರ್ ಕಟ್ಟನ್ನು ಆಧರಿಸಿವೆ. ಆರ್ಥರ್ ಎಡ್ವರ್ಡ್ ವೇಟ್ ಅದರ ಯೋಜನೆ ಹಾಕಿದವನು, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದವಳು. ಇಂದು ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಟ್ಯಾರೋ ಕಟ್ಟುಗಳು ಇದರ ಮಕ್ಕಳು, ಮೊಮ್ಮಕ್ಕಳು.

ಡೆತ್ ಕಾರ್ಡ್ ಬಿದ್ದರೆ ಮನೆಯಲ್ಲಿ ಯಾರಾದರೂ ಸಾಯುತ್ತಾರೆಯೇ?

ಇಲ್ಲ. ಕಟ್ಟಿನಲ್ಲಿರುವುದು 78 ಕಾರ್ಡು. ಹತ್ತು ಕಾರ್ಡುಗಳನ್ನು ಹಾಸಿ ಓದುವ ಪದ್ಧತಿಯಲ್ಲಿ ಸರಿಸುಮಾರು ಎಂಟು ಸಲಕ್ಕೆ ಒಮ್ಮೆ ಡೆತ್ ಕಾರ್ಡ್ ಬಂದೇ ಬರುತ್ತದೆ. ಪ್ರತಿ ಸಲವೂ ಒಬ್ಬರು ಸಾಯುವುದಾಗಿದ್ದರೆ ಟ್ಯಾರೋ ಓದುವವರ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ, ಓದುವವರೂ ಉಳಿಯುತ್ತಿರಲಿಲ್ಲ.

ಹಾಗಾದರೆ ಈ ಜೋಡಿಗೆ ಏನರ್ಥ?

ಡೆತ್ ಕಾರ್ಡ್ ಏನು ಮುಗಿಯುತ್ತಿದೆ ಎಂದು ಕೇಳುತ್ತದೆ. ಸ್ಟ್ರೆಂತ್ ಕಾರ್ಡ್, ಆ ಮುಗಿಯುವಿಕೆಯ ಎದುರು ನೀವು ಹೇಗೆ ನಿಲ್ಲುತ್ತೀರಿ ಎಂದು ಕೇಳುತ್ತದೆ. ಮೊದಲನೆಯದು ಸಂಗತಿ, ಎರಡನೆಯದು ನಡತೆ. ಇಷ್ಟನ್ನು ಹಿಡಿದುಕೊಂಡರೆ ಕೈಪಿಡಿಗಳ ಉದ್ದುದ್ದ ಅರ್ಥಪಟ್ಟಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಚಿತ್ರಗಳನ್ನು ನೋಡಿದರೆ ಸಾಕು.

ಡೆತ್ ಚಿತ್ರದಲ್ಲಿ ನಾಲ್ವರಿದ್ದಾರೆ. ರಾಜ ಆಗಲೇ ನೆಲಕ್ಕುರುಳಿದ್ದಾನೆ, ಕಿರೀಟ ಪಕ್ಕದಲ್ಲಿ ಬಿದ್ದಿದೆ. ಧರ್ಮಗುರು ಕೈಜೋಡಿಸಿ ಬೇಡಿಕೊಳ್ಳುತ್ತಿದ್ದಾನೆ. ಯುವತಿ ಮಂಡಿಯೂರಿ ಮುಖ ತಿರುಗಿಸಿಕೊಂಡಿದ್ದಾಳೆ. ಮಗು ಮಾತ್ರ ಕುದುರೆಯತ್ತ ನೇರವಾಗಿ ನೋಡುತ್ತಿದೆ. ಬದಲಾವಣೆ ಎದುರಾದಾಗ ಮನುಷ್ಯರು ನಡೆದುಕೊಳ್ಳುವ ನಾಲ್ಕು ಬಗೆಗಳು ಇವು: ಸೆಟೆದು ನಿಂತು ಉರುಳುವುದು, ಚೌಕಾಸಿ ಮಾಡುವುದು, ಕಣ್ಣು ತಪ್ಪಿಸುವುದು, ದಿಟ್ಟಿಸಿ ನೋಡುವುದು. ಪಕ್ಕದಲ್ಲಿ ಸ್ಟ್ರೆಂತ್ ಬಿದ್ದಾಗ ನಾನು ಕೇಳುವ ಮೊದಲ ಪ್ರಶ್ನೆ, "ಈ ನಾಲ್ವರಲ್ಲಿ ಸದ್ಯಕ್ಕೆ ನೀವು ಯಾರು?" ಎಂಬುದು. ಹೆಚ್ಚಿನವರು ಕ್ಷಣ ಮಾತ್ರ ಯೋಚಿಸಿ ಧರ್ಮಗುರುವಿನ ಮೇಲೆ ಬೆರಳಿಡುತ್ತಾರೆ.

ಸ್ಟ್ರೆಂತ್ ಚಿತ್ರದ ಹೆಣ್ಣಿನ ಕೈಯಲ್ಲಿ ಆಯುಧವಿಲ್ಲ. ತಲೆಯ ಮೇಲೆ ಮಲಗಿಸಿದ ಎಂಟರಂಥ ಅನಂತದ ಗುರುತು, ಸೊಂಟಕ್ಕೆ ಹೂವಿನ ಸರ. ಸಿಂಹ ಬಾಲ ಮುದುರಿಕೊಂಡಿದೆ. ಅವಳು ಬಾಯಿ ತೆರೆಸುತ್ತಿದ್ದಾಳೋ ಮುಚ್ಚಿಸುತ್ತಿದ್ದಾಳೋ ಎಂಬ ವಾದ ಟ್ಯಾರೋ ವಲಯದಲ್ಲಿ ಇನ್ನೂ ಮುಗಿದಿಲ್ಲ. ಈ ಜೋಡಿಯ ಮಟ್ಟಿಗೆ ಆ ಅನುಮಾನವೇ ಉಪಯುಕ್ತ. ಕೆಲಸ ಹೋದವರಿಗೆ, ಸಂಬಂಧ ಮುರಿದವರಿಗೆ ಬಾಯಿ ಮುಚ್ಚಿಕೊಂಡಿರುವ ಬಲ ಬೇಕೋ ಬಾಯಿ ತೆರೆಯುವ ಬಲ ಬೇಕೋ? ಅವರವರೇ ಹೇಳಬೇಕು.

ಸಿಂಹದ ಜೊತೆಗಿರುವ ಹೆಣ್ಣು ಎಂದರೆ ದುರ್ಗೆಯಲ್ಲವೇ? ಚಾಮುಂಡಿಯೆಂದು ಓದಿದರೆ ತಪ್ಪೇ?

ಕನ್ನಡದ ಕಣ್ಣಿಗೆ ಹಾಗೆ ಕಾಣುವುದು ತೀರಾ ಸಹಜ. ಆದರೆ ವ್ಯತ್ಯಾಸ ಗಮನಿಸಿ. ಸಿಂಹವಾಹಿನಿಗೆ ಸಿಂಹ ವಾಹನ, ಅವಳ ಯುದ್ಧ ಮಹಿಷನ ಜೊತೆ, ಕೈತುಂಬ ಆಯುಧಗಳು. ಕಾರ್ಡಿನ ಹೆಣ್ಣಿಗೆ ಬೇರೆ ಶತ್ರುವಿಲ್ಲ. ಎದುರಿಗಿರುವುದು ಸಿಂಹವೊಂದೇ, ಅದನ್ನು ಅವಳು ಕೊಲ್ಲುತ್ತಲೂ ಇಲ್ಲ.

ಕೊಲ್ಲುವ ಚಿತ್ರ ನಮ್ಮಲ್ಲಿಯೇ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲ ಬಳಿ ನಿಂತವರೆಲ್ಲ ನೋಡಿರುತ್ತಾರೆ: ಮೇಲೆರಗುತ್ತಿರುವ ಮೃಗವನ್ನು ಇರಿಯುತ್ತಿರುವ ಸಳ, ಹೊಯ್ಸಳರ ಲಾಂಛನ. ವಿಚಿತ್ರವೆಂದರೆ, ಇಟಲಿಯ ಅತಿ ಹಳೆಯ ಟ್ಯಾರೋ ಕಟ್ಟುಗಳಲ್ಲೊಂದರ ಸ್ಟ್ರೆಂತ್ ಕಾರ್ಡೂ ಸಳನ ಬಂಧುವಿನಂತಿದೆ. 15ನೆಯ ಶತಮಾನದ ನಡುಭಾಗದಲ್ಲಿ ಮಿಲಾನಿನ ಡ್ಯೂಕ್ ಮನೆತನಕ್ಕಾಗಿ ಬರೆದ ವಿಸ್ಕಾಂಟಿ-ಸ್ಫೋರ್ಜಾ ಕಟ್ಟಿನಲ್ಲಿ ದೊಣ್ಣೆ ಎತ್ತಿದ ಗಂಡಸು ಸಿಂಹದ ಮೇಲೆ ಬೀಳುತ್ತಿದ್ದಾನೆ. ಹರ್ಕ್ಯುಲಿಸ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಬರಿಗೈಯ ಹೆಣ್ಣು ಮತ್ತು ದೊಣ್ಣೆಯ ಗಂಡಸು, ಎರಡೂ ಯುರೋಪಿನಲ್ಲಿ ಬಳಕೆಯಲ್ಲಿದ್ದವು. ಗೆದ್ದದ್ದು ಬರಿಗೈ.

ಆದ್ದರಿಂದ ಚಾಮುಂಡಿ ನೆನಪಾದರೆ ತಳ್ಳಿಹಾಕಬೇಡಿ, ಆದರೆ ಅಲ್ಲಿಗೇ ನಿಲ್ಲಲೂ ಬೇಡಿ. ಡೆತ್ ಕಾರ್ಡಿನ ಪಕ್ಕ ಆಯುಧಧಾರಿ ದೇವಿಯನ್ನು ಕೂರಿಸಿಬಿಟ್ಟರೆ ಓದು "ಸಾವನ್ನು ಗೆಲ್ಲುತ್ತೇನೆ" ಎಂಬ ವೀರಾವೇಶಕ್ಕೆ ಹೊರಳುತ್ತದೆ. ಈ ಜೋಡಿಯಲ್ಲಿ ಗೆಲುವಿನ ಮಾತಿಲ್ಲ. ಕುದುರೆ ನಿಲ್ಲುವುದಿಲ್ಲ, ಹೆಣ್ಣೂ ಓಡುವುದಿಲ್ಲ.

ಯಾವುದು ಮೊದಲು ಬಿತ್ತು ಎಂಬುದು ಮುಖ್ಯವೇ?

ಬಹಳ ಮುಖ್ಯ. ಕಾರಣ ಚಿತ್ರದಲ್ಲಿಯೇ ಇದೆ. ಡೆತ್ ಕಾರ್ಡಿನ ಕುದುರೆ ನೋಡುವವರ ಬಲಗಡೆಗೆ ನಡೆಯುತ್ತದೆ. ಡೆತ್ ಎಡಕ್ಕೆ, ಸ್ಟ್ರೆಂತ್ ಬಲಕ್ಕೆ ಇದ್ದರೆ ಕುದುರೆ ಆ ಹೆಣ್ಣಿನ ಕಡೆಗೆ ಬರುತ್ತಿದೆ. ಅದಲುಬದಲಾದರೆ ಅವಳಿಗೆ ಬೆನ್ನು ಹಾಕಿ ಹೋಗುತ್ತಿದೆ.

ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ, "ಕೆಲಸ ಬಿಟ್ಟು ಶಿರಸಿ ಕಡೆಯ ಅಪ್ಪನ ಅಡಿಕೆ ತೋಟ ನೋಡಿಕೊಳ್ಳಲು ಹೋಗಲೇ?" ಎಂದು ಕೇಳಿದ್ದಾನೆ ಎಂದುಕೊಳ್ಳಿ.

ಡೆತ್ ಮೊದಲು, ಸ್ಟ್ರೆಂತ್ ಆಮೇಲೆ ಬಿದ್ದಿದೆ. ಮುಕ್ತಾಯ ಅವನ ಕಡೆಗೆ ನಡೆದುಬರುತ್ತಿದೆ, ಅವನು ಕರೆದಿರಲಿ ಬಿಡಲಿ. ಅಪ್ಪನ ಕೈ ಸೋಲುತ್ತಿರಬಹುದು, ಕಂಪನಿಯೇ ಅವನನ್ನು ಕೈಬಿಡಲಿರಬಹುದು. ಆಮೇಲಿನ ಕಾಲಕ್ಕೆ ಬೇಕಾಗುವುದು ಬರಿಗೈಯ ಬಲ. ತೋಟ ಎಂದರೆ ಮಳೆಗಾಲದ ಕೊಳೆರೋಗ, ಮರ ಹತ್ತಿ ಮದ್ದು ಹೊಡೆಯಬೇಕಾದ ದಿನವೇ ಬಾರದ ಕೊನೆಗೌಡ, ಹೇಳದೆ ಕೇಳದೆ ಇಳಿಯುವ ದರ. ಅಬ್ಬರಿಸಿದರೆ ಇವುಗಳಲ್ಲಿ ಯಾವುದೂ ಬಗ್ಗುವುದಿಲ್ಲ. "ನಾನು ಎಂಜಿನಿಯರ್, ಎಲ್ಲವನ್ನೂ ಆರು ತಿಂಗಳಲ್ಲಿ ಸರಿಮಾಡುತ್ತೇನೆ" ಎಂಬ ಠೇಂಕಾರದಿಂದ ಹೊರಟವನಿಗೆ ಸಿಂಹ ಬಾಲ ಮುದುರುವುದಿಲ್ಲ.

ಸ್ಟ್ರೆಂತ್ ಮೊದಲು, ಡೆತ್ ಆಮೇಲೆ ಬಿದ್ದರೆ ಕಥೆ ಬೇರೆ. ಸಿಂಹವನ್ನು ಹಿಡಿದುಕೊಂಡಿರುವ ಕೆಲಸ ಈಗಾಗಲೇ ನಡೆದಿದೆ. ವರ್ಷಗಳಿಂದ ಹಲ್ಲುಕಚ್ಚಿ ಕಚೇರಿಗೆ ಹೋಗಿದ್ದಾನೆ, ಅದನ್ನೇ ತನ್ನ ಶಕ್ತಿಯೆಂದು ನಂಬಿದ್ದಾನೆ. ಈಗ ಮುಗಿಯುತ್ತಿರುವುದು ಕೆಲಸವಲ್ಲ, ಆ ಹಿಡಿತ. ಇಲ್ಲಿ ನಾನು ಕೇಳುವುದು ತೋಟದ ವಿಷಯವನ್ನೇ ಅಲ್ಲ, "ತಾಳಿಕೊಳ್ಳುವುದನ್ನು ನಿಲ್ಲಿಸಿದರೆ ನೀನು ಯಾರಾಗಿ ಉಳಿಯುತ್ತೀಯೆ?" ಎಂದು.

ಎರಡೂ ಓದಿನಲ್ಲಿ "ಹೋಗು" ಅಥವಾ "ಹೋಗಬೇಡ" ಎಂಬ ಉತ್ತರವಿಲ್ಲ ಎಂಬುದನ್ನು ಗಮನಿಸಿ. ಅದನ್ನು ಹೇಳಬೇಕಾದದ್ದು ಅವನ ಬ್ಯಾಂಕ್ ಖಾತೆ, ಅವನ ಅಪ್ಪ, ಮದುವೆಯಾಗಿದ್ದರೆ ಅವನ ಹೆಂಡತಿ.

ಡೆತ್ ಬದಲು ಟವರ್ ಅಥವಾ ವೀಲ್ ಆಫ್ ಫಾರ್ಚೂನ್ ಬಂದರೆ?

ಬದಲಾವಣೆಯ ಕಾರ್ಡುಗಳೆಲ್ಲ ಒಂದೇ ಬಗೆಯ ಬದಲಾವಣೆಯನ್ನು ಹೇಳುವುದಿಲ್ಲ. ಡೆತ್‌ನ ಕುದುರೆ ನಡೆಯುತ್ತದೆ, ಓಡುವುದಿಲ್ಲ. ಅದು ಬರುತ್ತಿರುವುದು ದೂರದಿಂದಲೇ ಕಾಣುತ್ತದೆ: ನಿವೃತ್ತಿ, ಮಕ್ಕಳು ಮನೆ ಬಿಟ್ಟು ಹೋಗುವುದು, ಬಹುಕಾಲದಿಂದ ಸೊರಗುತ್ತ ಬಂದ ಸಂಬಂಧ. ಟವರ್ ಸಿಡಿಲು. ಗೋಪುರದ ತಲೆಯ ಮೇಲಿನ ಕಿರೀಟ ಹಾರಿಹೋಗಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಅದರ ಜೊತೆ ಸ್ಟ್ರೆಂತ್ ಬಂದರೆ "ಶಾಂತವಾಗಿರಿ" ಎಂದು ಉಪದೇಶಿಸುವುದು ಅಸಭ್ಯ. ಬೀಳುತ್ತಿರುವವರಿಗೆ ಶಾಂತಿಪಾಠ ಬೇಡ. ಅಲ್ಲಿ ಸ್ಟ್ರೆಂತ್ ಕಾರ್ಡನ್ನು ನೆಲ ಮುಟ್ಟಿದ ಮೇಲಿನ ದಿನಗಳಿಗೆ ಎತ್ತಿಡಬೇಕು. ಅಂದಹಾಗೆ, ಮೇಲೆ ಹೇಳಿದ ವಿಸ್ಕಾಂಟಿ-ಸ್ಫೋರ್ಜಾ ಕಟ್ಟಿನಲ್ಲಿ ಟವರ್ ಕಾರ್ಡೇ ಉಳಿದಿಲ್ಲ.

ವೀಲ್ ಆಫ್ ಫಾರ್ಚೂನ್ ತಿರುಗುವ ಚಕ್ರ. ಏರುವವನೊಬ್ಬ, ಇಳಿಯುವುದೊಂದು, ಮೇಲೆ ಕತ್ತಿ ಹಿಡಿದ ಸ್ಫಿಂಕ್ಸ್. ಇದರೊಂದಿಗೆ ಸ್ಟ್ರೆಂತ್ ಬಂದರೆ ನಾನು ಹೆಚ್ಚು ಮಾತನಾಡುವುದಿಲ್ಲ. ವರ್ಗಾವಣೆ, ಚುನಾವಣೆ, ಮಾರುಕಟ್ಟೆ, ಇಂಥವು ನಿಮ್ಮ ಕೈಯಲ್ಲಿಲ್ಲ, ನಿಮ್ಮ ಸಿಟ್ಟು ಮಾತ್ರ ನಿಮ್ಮ ಕೈಯಲ್ಲಿದೆ. ಅಷ್ಟೇ.

ಇಸ್ಪೀಟಿನಂತೆ ನಾಲ್ಕು ಗುಂಪುಗಳಲ್ಲಿ ಬರುವ ಸಣ್ಣ ಕಾರ್ಡುಗಳಲ್ಲಿ ಎರಡನ್ನು ಹೆಸರಿಸುತ್ತೇನೆ. ಎಂಟರ ಕಪ್ಸ್‌ನಲ್ಲಿ ಕೆಂಪು ಮೇಲಂಗಿಯವನೊಬ್ಬ ಜೋಡಿಸಿಟ್ಟ ಬಟ್ಟಲುಗಳಿಗೆ ಬೆನ್ನು ಹಾಕಿ ಕತ್ತಲಲ್ಲಿ ನಡೆದಿದ್ದಾನೆ. ಆರರ ಸ್ವೋರ್ಡ್ಸ್‌ನಲ್ಲಿ ದೋಣಿಯಲ್ಲಿ ಮುಸುಕು ಹೊದ್ದವರೊಬ್ಬರು ಮತ್ತು ಮಗು, ಹಿಂದೆ ಅಂಬಿಗ. ಊರು ಬಿಡುವ, ಮನೆ ಬಿಡುವ ಪ್ರಶ್ನೆಗಳಿಗೆ ಸ್ಟ್ರೆಂತ್ ಜೊತೆ ಈ ಎರಡರಲ್ಲೊಂದು ಬಂದರೆ ಡೆತ್ ಬಂದದ್ದಕ್ಕಿಂತ ನಿಖರವಾದ ಓದು ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಜನರ ಕಣ್ಣು ಅಸ್ಥಿಪಂಜರವನ್ನು ಬಿಟ್ಟು ಕದಲುವುದಿಲ್ಲ.

ತಲೆಕೆಳಗಾಗಿ ಬಿದ್ದರೆ ಕೆಟ್ಟದ್ದೇ?

ತಲೆಕೆಳಗಾದ ಕಾರ್ಡನ್ನು ಕೇಡು ಎನ್ನುವುದಕ್ಕಿಂತ ಅಡಚಣೆ ಎಂದು ಓದುವುದು ಮೇಲು. ಸ್ಟ್ರೆಂತ್ ತಲೆಕೆಳಗಾದರೆ ಸಿಂಹ ಮೇಲೆ, ಹೆಣ್ಣು ಕೆಳಗೆ: ಸಿಟ್ಟು, ಭಯ, ಚಪಲ ಇವುಗಳಲ್ಲೊಂದು ಯಜಮಾನಿಕೆ ನಡೆಸುತ್ತಿದೆ. ಡೆತ್ ತಲೆಕೆಳಗಾದರೆ ಮುಗಿಯಬೇಕಾದದ್ದನ್ನು ಮುಗಿಯಗೊಡದೆ ಎಳೆಯುತ್ತಿದ್ದೀರಿ. ಎರಡೂ ತಲೆಕೆಳಗಾದರೆ ಮೊದಲು ಕಟ್ಟನ್ನೇ ಉಲ್ಟಾ ಹಿಡಿದಿದ್ದೀರೋ ನೋಡಿಕೊಳ್ಳಿ. ತಮಾಷೆಯಲ್ಲ, ಹಾಗಾಗುವುದು ಉಂಟು.

ನನ್ನ ಕಟ್ಟಿನಲ್ಲಿ ಸ್ಟ್ರೆಂತ್ 11ನೆಯದು. ಕೆಲವರು 8 ಎನ್ನುತ್ತಾರೆ. ಯಾವುದು ಸರಿ?

ಎರಡೂ. ಫ್ರಾನ್ಸಿನ ಮಾರ್ಸೆ ಮಾದರಿಯ ಕಟ್ಟುಗಳಲ್ಲಿ ನ್ಯಾಯದ ಕಾರ್ಡ್ 8, ಸ್ಟ್ರೆಂತ್ 11. ಲಂಡನ್ನಿನಲ್ಲಿ 1888ರಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತಕೂಟ ಕಾರ್ಡುಗಳನ್ನು ರಾಶಿಗಳಿಗೆ ಹೊಂದಿಸುವ ಸಲುವಾಗಿ ಇವೆರಡರ ಜಾಗ ಬದಲಿಸಿತು. ವೇಟ್ ಆ ಕೂಟದ ಸದಸ್ಯನಾಗಿದ್ದವನು, ತನ್ನ ಕಟ್ಟಿನಲ್ಲಿ ಅದನ್ನೇ ಅನುಸರಿಸಿದ.

ಇದರಿಂದ ಜೋಡಿಯ ಓದಿಗೆ ಒಂದು ಉಪಯೋಗವಿದೆ. ಡೆತ್ ಎರಡೂ ಮಾದರಿಗಳಲ್ಲಿ 13. ರೈಡರ್ ಕಟ್ಟಿನಲ್ಲಿ 8ರಿಂದ 13ಕ್ಕೆ ಹೋಗುವ ದಾರಿಯಲ್ಲಿ ನಾಲ್ಕು ಕಾರ್ಡುಗಳಿವೆ: ಒಂಟಿ ಸಂನ್ಯಾಸಿ, ಚಕ್ರ, ನ್ಯಾಯ, ಕಾಲಿಗೆ ಕಟ್ಟಿ ತಲೆಕೆಳಗೆ ತೂಗುಬಿಟ್ಟವನು. ಒಬ್ಬಂಟಿಯಾಗಿ ಯೋಚಿಸುವುದು, ಗ್ರಹಚಾರ ತಿರುಗುವುದು, ಲೆಕ್ಕ ಚುಕ್ತಾ ಮಾಡುವುದು, ಸುಮ್ಮನೆ ಕಾಯುವುದು. ಬಲ ಮತ್ತು ಬದಲಾವಣೆಯ ನಡುವೆ ಈ ನಾಲ್ಕರಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ ಎಂದು ಕೇಳಿಕೊಂಡರೆ ಮಾತು ತಾನಾಗಿ ಹರಿಯುತ್ತದೆ. ಮಾರ್ಸೆ ಮಾದರಿಯಲ್ಲಿ ನಡುವೆ ಇರುವುದು ತೂಗುಬಿಟ್ಟವನೊಬ್ಬನೇ. ಅಲ್ಲಿ ದಾರಿ ಚಿಕ್ಕದು, ಕಾಯುವಿಕೆ ಮಾತ್ರ ತಪ್ಪಿದ್ದಲ್ಲ.

ನನ್ನದು ಸಿಂಹ ರಾಶಿ. ಸ್ಟ್ರೆಂತ್ ನನ್ನ ಕಾರ್ಡೇ?

ಗೋಲ್ಡನ್ ಡಾನ್ ಪದ್ಧತಿಯಲ್ಲಿ ಸ್ಟ್ರೆಂತ್‌ಗೆ ಸಿಂಹ, ಡೆತ್‌ಗೆ ವೃಶ್ಚಿಕ ಎಂದು ಹೊಂದಿಸಿರುವುದು ನಿಜ. ಆದರೆ ಅವರ ಸಿಂಹ ರಾಶಿ ಸೂರ್ಯನನ್ನು ನೋಡಿ ಹೇಳುವಂಥದ್ದು, ಅದೂ ಋತುಗಳನ್ನು ಆಧರಿಸಿದ ಸಾಯನ ಲೆಕ್ಕದಲ್ಲಿ. ನಮ್ಮ ಪಂಚಾಂಗದ ಜನ್ಮರಾಶಿ ಚಂದ್ರನಿರುವ ರಾಶಿ, ನಕ್ಷತ್ರಗಳನ್ನು ಆಧರಿಸಿದ ನಿರಯಣ ಲೆಕ್ಕದ್ದು. ಎರಡು ಲೆಕ್ಕಗಳ ನಡುವೆ ಈಗ ಸುಮಾರು 24 ಡಿಗ್ರಿ ಅಂತರವಿದೆ. ಹೀಗಾಗಿ ಜಾತಕದ ರಾಶಿಯನ್ನು ತಂದು ಇಲ್ಲಿ ಕೂರಿಸಬೇಡಿ.

ಒಂದು ಮಾತು ಮಾತ್ರ ಎರಡೂ ಪದ್ಧತಿಗಳಿಗೆ ಸಮಾನ: ಸಿಂಹ ಮತ್ತು ವೃಶ್ಚಿಕ ಎರಡೂ ಸ್ಥಿರ ರಾಶಿಗಳು. ಬದಲಾವಣೆಯ ಕಾರ್ಡಿಗೇ ಸ್ಥಿರ ರಾಶಿಯನ್ನು ಕೊಟ್ಟಿರುವುದು ನನಗೆ ಇಷ್ಟವಾದ ಸಂಗತಿ. ಈ ಜೋಡಿ ಸುಲಭಕ್ಕೆ ಜಗ್ಗದವರ ಜೋಡಿ.

ಇದೇ ಜೋಡಿ ಮತ್ತೆ ಮತ್ತೆ ಬೀಳುತ್ತಿದೆ. ಏನೋ ಸೂಚನೆ ಇರಬೇಕಲ್ಲವೇ?

ಸೂಚನೆ ಇರಬಹುದು: ನೀವು ಕಾರ್ಡುಗಳನ್ನು ಸರಿಯಾಗಿ ಕಲಸುತ್ತಿಲ್ಲ.

78 ಕಾರ್ಡುಗಳಿಂದ 3003 ಜೋಡಿಗಳು ಸಾಧ್ಯ. ಎರಡೇ ಕಾರ್ಡ್ ತೆಗೆದಾಗ ಸ್ಟ್ರೆಂತ್ ಮತ್ತು ಡೆತ್ ಬರುವ ಸಂಭವ 3003ರಲ್ಲಿ ಒಂದು. ಹತ್ತು ಕಾರ್ಡ್ ಹಾಸಿದರೆ ಅವುಗಳಲ್ಲಿ ಎಲ್ಲಾದರೂ ಇವೆರಡೂ ಇರುವ ಸಂಭವ ಸುಮಾರು 67ರಲ್ಲಿ ಒಂದು. ಎರಡು ಕಾರ್ಡಿನ ಓದಿನಲ್ಲಿ ಒಂದೇ ವಾರದಲ್ಲಿ ಇದು ಮೂರು ಸಲ ಬಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೈಯನ್ನು. ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದಂತೆ, 52 ಎಲೆಗಳ ಇಸ್ಪೀಟು ಕಟ್ಟನ್ನು ಎರಡು ಭಾಗ ಮಾಡಿ ಎಲೆಗಳ ಅಂಚನ್ನು ಒಂದರೊಳಗೊಂದು ಸೇರಿಸಿ ಕಲಸಿದರೂ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಬೇಕು. ನಾವು ಮಾಡುವಂತೆ ಅಂಗೈಯಲ್ಲಿ ಹಿಡಿದು ಗೊಂಚಲು ಗೊಂಚಲಾಗಿ ಉದುರಿಸಿದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಟ್ಯಾರೋ ಕಾರ್ಡುಗಳು ದೊಡ್ಡವು, ದಪ್ಪ, ಜೊತೆಗೆ "ಕಾರ್ಡಿನ ಶಕ್ತಿ ಕೆಡುತ್ತದೆ" ಎಂಬ ಹೆದರಿಕೆಯಿಂದ ಜನ ನಾಜೂಕಾಗಿ ಮುಟ್ಟುತ್ತಾರೆ. ಹೋದ ಸಲ ಅಕ್ಕಪಕ್ಕ ಮಡಚಿಟ್ಟದ್ದು ಈ ಸಲವೂ ಅಕ್ಕಪಕ್ಕವೇ ಬರುತ್ತದೆ. ಮೇಜಿನ ಮೇಲೆ ಎಲ್ಲವನ್ನೂ ಹರವಿ ಎರಡೂ ಕೈಯಿಂದ ಚೆನ್ನಾಗಿ ಕಲಸಿ.

ಕಾರ್ಡುಗಳು ನಿಜವಾಗಿಯೂ ಭವಿಷ್ಯ ಹೇಳುತ್ತವೆಯೇ?

ನನ್ನ ಉತ್ತರ: ಇಲ್ಲ. ಟ್ಯಾರೋ ಹುಟ್ಟಿದ್ದು ಆಟವಾಗಿ, 15ನೆಯ ಶತಮಾನದ ಉತ್ತರ ಇಟಲಿಯಲ್ಲಿ. ಸ್ಟ್ರೆಂತ್, ಡೆತ್ ಮೊದಲಾದವು ಆಟದ ತುರುಪುಗಳು. ಇವು ಪ್ರಾಚೀನ ಈಜಿಪ್ಟಿನ ಜ್ಞಾನ ಎಂಬ ಕಥೆಯನ್ನು 1781ರಲ್ಲಿ ಹಬ್ಬಿಸಿದವನು ಫ್ರಾನ್ಸಿನ ಕೂರ್ ದ ಜೆಬೆಲಾಂ. ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ್ದು 1822ರಲ್ಲಿ. ಲಿಪಿಯನ್ನೇ ಯಾರೂ ಓದಲಾಗದಿದ್ದ ಕಾಲದಲ್ಲಿ ಅದರ ಜ್ಞಾನ ಇದು ಎಂದು ಹೇಳುವುದು ಎಷ್ಟು ಅನುಕೂಲ!

"ಆದರೂ ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿತಲ್ಲ" ಎನ್ನುವವರು 1948ರ ಒಂದು ಪ್ರಯೋಗವನ್ನು ತಿಳಿದಿರಬೇಕು. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಅವರವರ ವ್ಯಕ್ತಿತ್ವದ ವಿವರಣೆಯೆಂದು ಒಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದ. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. "ನಿಮ್ಮೊಳಗೆ ಬಳಸದೆ ಉಳಿದ ಶಕ್ತಿಯಿದೆ, ಜೀವನದಲ್ಲಿ ಒಂದು ತಿರುವು ಸಮೀಪಿಸುತ್ತಿದೆ" ಎಂದರೆ ಒಪ್ಪದವರು ಯಾರಿದ್ದಾರೆ? ಸ್ಟ್ರೆಂತ್ ಮತ್ತು ಡೆತ್ ಜೋಡಿ ಇಂಥ ಮಾತಿಗೆ ಹೇಳಿ ಮಾಡಿಸಿದಂತಿದೆ, ಅದಕ್ಕಾಗಿಯೇ ಓದುವವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಮಾತು ಯಾರಿಗೆ ಹೇಳಿದರೂ ಹೊಂದುವಂತಿದ್ದರೆ ಅದು ಓದಲ್ಲ.

ಹಾಗಾದರೆ ಕಾರ್ಡು ಯಾಕೆ? ಎದುರಿಗೆ ಚಿತ್ರವಿದ್ದರೆ ಜನ ತಮ್ಮ ವಿಷಯವನ್ನು ಬಿಚ್ಚಿ ಮಾತನಾಡುತ್ತಾರೆ. "ನಿನ್ನ ಭಯವೇನು?" ಎಂದು ಕೇಳಿದರೆ ಮೌನ. "ಈ ಸಿಂಹ ನಿನಗೆ ಏನು?" ಎಂದರೆ ಅತ್ತೆಯಿಂದ ಹಿಡಿದು ಗೃಹಸಾಲದವರೆಗೆ ಎಲ್ಲವೂ ಹೊರಬರುತ್ತದೆ.

ಇದು ನಮ್ಮ ಗಿಳಿಶಾಸ್ತ್ರದಂತೆಯೇ ಅಲ್ಲವೇ?

ಹತ್ತಿರದ ನೆಂಟಸ್ತಿಕೆ ಇದೆ. ಅಲ್ಲಿಯೂ ಚಿತ್ರದ ಚೀಟಿ, ಅದನ್ನು ಬಿಡಿಸಿ ಹೇಳುವವನ ಮಾತುಗಾರಿಕೆ. ಆದರೆ ಗಿಳಿ ಎತ್ತಿಕೊಡುವ ದೇವರ ಚಿತ್ರ ತಾನೊಂದೇ ಫಲ ಹೇಳುತ್ತದೆ. ಎರಡು ಚಿತ್ರಗಳನ್ನು ಒಂದಕ್ಕೊಂದು ಎದುರು ಕೂರಿಸಿ ಪ್ರಶ್ನೆ ಎಬ್ಬಿಸುವುದು ಟ್ಯಾರೋದ ದಾರಿ. ಮರ್ಯಾದೆಯ ವಿಷಯದಲ್ಲಿ ಮಾತ್ರ ಅನ್ಯಾಯವಿದೆ. ರಸ್ತೆ ಬದಿಯ ಗಿಳಿಯವನನ್ನು ಮೂಢನಂಬಿಕೆ ಎಂದು ನಗುವವರೇ ಹವಾನಿಯಂತ್ರಿತ ಕೋಣೆಯ ಟ್ಯಾರೋಗೆ ಸಾವಿರಾರು ರೂಪಾಯಿ ಕೊಟ್ಟು ಬರುತ್ತಾರೆ.

ನನ್ನ ಬಳಿ ಇರುವುದು ಟ್ಯಾರೋ ಅಲ್ಲ, ಲೆನಾರ್ಮಾಂ ಕಾರ್ಡುಗಳು. ಇದೇ ವಿಧಾನ ನಡೆಯುತ್ತದೆಯೇ?

ಪೂರ್ತಿ ನಡೆಯುವುದಿಲ್ಲ. ಲೆನಾರ್ಮಾಂ ಕಟ್ಟಿನಲ್ಲಿ 36 ಕಾರ್ಡು. ಅದರ ಮೂಲ 1799ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕಾಸ್ಪರ್ ಹೆಕ್ಟೆಲ್ ಎಂಬಾತ ರೂಪಿಸಿದ ಒಂದು ಆಟ. ಪ್ಯಾರಿಸ್ಸಿನ ಹೆಸರಾಂತ ಕಣಿಗಾರ್ತಿ ಮರಿ ಆನ್ ಲೆನಾರ್ಮಾಂ 1843ರಲ್ಲಿ ತೀರಿಕೊಂಡ ಮೇಲೆ ಅವಳ ಹೆಸರನ್ನು ಅಂಟಿಸಿದರು.

ಇಲ್ಲಿ ಬಲಕ್ಕೆ 15ನೆಯ ಕಾರ್ಡಾದ ಕರಡಿ, ಬದಲಾವಣೆಗೆ 17ನೆಯದಾದ ಕೊಕ್ಕರೆ. ಲೆನಾರ್ಮಾಂನಲ್ಲಿ ಕಾರ್ಡುಗಳನ್ನು ಜೋಡಿಯಾಗಿಯೇ ಓದುವುದು ರೂಢಿ: ಮೊದಲನೆಯದು ವಿಷಯ, ಎರಡನೆಯದು ಅದರ ವಿಶೇಷಣ. ಕರಡಿ ಮೊದಲು ಬಂದರೆ ಬಲಶಾಲಿಯೊಬ್ಬರ ಸ್ಥಾನ ಬದಲಾಗುತ್ತಿದೆ, ಉದಾಹರಣೆಗೆ ಮೇಲಧಿಕಾರಿಯ ವರ್ಗಾವಣೆ. ಕರಡಿಯನ್ನು ಹಣಕಾಸಿನ ಕಾರ್ಡಾಗಿ ಓದುವವರೂ ಇದ್ದಾರೆ, ಅವರಿಗೆ ಇದು ವರಮಾನದ ಏರುಪೇರು. ಕೊಕ್ಕರೆ ಮೊದಲು ಬಂದರೆ ಬದಲಾವಣೆ ಭಾರಿಯದು, ಹಿಂದೆ ಪ್ರಬಲರ ಕೈವಾಡವಿದೆ. ಟ್ಯಾರೋದಷ್ಟು ಒಳಮುಖದ ಮಾತು ಇಲ್ಲಿಲ್ಲ. ಕರಡಿ ಮನಸ್ಸಿನ ಬಲಕ್ಕಿಂತ ಹೊರಗಿನ ಬಲ.

ಹೊಸದಾಗಿ ಬರುತ್ತಿರುವ ಓರಕಲ್ ಕಟ್ಟುಗಳಿಗೆ ನಿಗದಿತ ಸಂಖ್ಯೆಯೂ ಇಲ್ಲ, ಕ್ರಮವೂ ಇಲ್ಲ. "ಧೈರ್ಯ", "ಪರಿವರ್ತನೆ" ಎಂದು ಕಾರ್ಡಿನ ಮೇಲೆಯೇ ಬರೆದಿರುತ್ತದೆ. ಆ ಪದವನ್ನು ಬೆರಳಿನಿಂದ ಮುಚ್ಚಿ ಚಿತ್ರವನ್ನಷ್ಟೇ ನೋಡಿ ಓದಿ.

ಈ ಜೋಡಿಯಿಂದ ದೋಷವಿದೆ, ಪರಿಹಾರಕ್ಕೆ ಹಣ ಕೊಡಿ ಎಂದಿದ್ದಾರೆ. ಕೊಡಬೇಕೇ?

ಎದ್ದು ಬನ್ನಿ. ಟ್ಯಾರೋ ಸಂಪ್ರದಾಯದಲ್ಲಿ ದೋಷವೂ ಇಲ್ಲ, ಪರಿಹಾರವೂ ಇಲ್ಲ.

ಕಾಯಿಲೆ, ವಿಚ್ಛೇದನ, ಬದುಕೇ ಬೇಡವೆನಿಸುವ ಹೊತ್ತು: ಇಂಥ ಪ್ರಶ್ನೆಗಳಿಗೆ ಈ ಜೋಡಿ ಓದಬಹುದೇ?

ಕಾಯಿಲೆಗೆ ವೈದ್ಯರು, ವಿಚ್ಛೇದನಕ್ಕೆ ವಕೀಲರು. ಮನಸ್ಸು ತೀರಾ ಕುಸಿದವರ ಮುಂದೆ ಡೆತ್ ಕಾರ್ಡನ್ನು ಹರವುವುದು ಬೇಡವೇ ಬೇಡ, "ಇದು ಬರೀ ಸಂಕೇತ" ಎಂಬ ಸಮಜಾಯಿಷಿ ಆ ಹೊತ್ತಿನಲ್ಲಿ ಒಳಗೆ ಇಳಿಯುವುದಿಲ್ಲ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲಿಯೇ ಮಾತನಾಡಬಹುದು. ಕಾರ್ಡುಗಳನ್ನು ಪೆಟ್ಟಿಗೆಗೆ ಹಾಕಿ ಫೋನನ್ನು ಅವರ ಕೈಗೆ ಕೊಡಿ.

ಮಗಳ ಪರವಾಗಿ, ಗಂಡನ ಪರವಾಗಿ ನಾನೇ ತೆಗೆಯಬಹುದೇ?

ತೆಗೆದರೆ ಸಿಗುವುದು ಅವರ ಬಗ್ಗೆ ನಿಮಗಿರುವ ಆತಂಕದ ಓದು. ಅದನ್ನು ನಿಮ್ಮದೆಂದೇ ಓದಿಕೊಂಡರೆ ತೊಂದರೆಯಿಲ್ಲ.

ಎರಡು ಸಾಲದು ಅನಿಸಿದರೆ ಮೂರನೆಯ ಕಾರ್ಡ್ ತೆಗೆಯಬಹುದೇ?

ಮೊದಲ ಎರಡು ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ತೆಗೆಯಬೇಡಿ, ಹಾಗೆ ಹೊರಟರೆ ನಗುವ ಸೂರ್ಯನ ಕಾರ್ಡ್ ಬರುವವರೆಗೂ ಕೈ ನಿಲ್ಲುವುದಿಲ್ಲ. ಎರಡನ್ನೂ ನೋಡಿ ಒಂದು ಸ್ಪಷ್ಟ ಪ್ರಶ್ನೆ ಹುಟ್ಟಿದ್ದರೆ ತೆಗೆಯಿರಿ, ಅದನ್ನು ಆ ಪ್ರಶ್ನೆಗೆ ಮಾತ್ರ ಓದಿ. ಇನ್ನೊಂದು ದಾರಿ, ಹೊಸದನ್ನು ಎಳೆಯದೆ ಕಟ್ಟಿನಿಂದ 14ನೆಯ ಕಾರ್ಡನ್ನು ಹುಡುಕಿ ಡೆತ್‌ನ ಪಕ್ಕ ಇಡುವುದು. ಕ್ರಮದಲ್ಲಿ ಡೆತ್ ಆದ ಮೇಲೆ ಬರುವುದು ಟೆಂಪರೆನ್ಸ್: ಒಂದು ಕಾಲು ನೀರಿನಲ್ಲಿ, ಒಂದು ನೆಲದ ಮೇಲೆ ಇಟ್ಟ ದೇವದೂತ, ಎರಡು ಬಟ್ಟಲುಗಳ ನಡುವೆ ನೀರು ಹೊಯ್ಯುತ್ತಿದ್ದಾನೆ. ಹಳೆಯ ಬದುಕಿನಿಂದ ಹೊಸದಕ್ಕೆ ಏನನ್ನು, ಎಷ್ಟು ಪ್ರಮಾಣದಲ್ಲಿ ಸುರಿದುಕೊಳ್ಳುತ್ತೀರಿ ಎಂದು ಕೇಳಿಕೊಳ್ಳಲು ಆ ಚಿತ್ರ ಸಾಕು. ಉತ್ತರವನ್ನು ಬರೆದಿಡಿ, ತಾರೀಖಿನ ಸಮೇತ.